ಪೇಟೆಯ ಸುದ್ದಿಯೂ ಅರ್ಥಶಾಸ್ತ್ರದ ಪಾಠವೂ

ನಮ್ಮ ಪ್ರೌಢಶಾಲೆಯ ಮೂರು ತರಗತಿಗಳಲ್ಲಿಯೂ ಸಮಾಜವಿಜ್ಞಾನದ ಒಂದು ಭಾಗವಾಗಿ ಅರ್ಥಶಾಸ್ತ್ರವನ್ನು ಕಲಿಸುವದುಂಟು. ಬೇಡಿಕೆ, ಪೂರೈಕೆ, ರಾಷ್ಟ್ರೀಯ ವರಮಾನ, ಹಣದುಬ್ಬರ, ತೆರಿಗೆ, ಬ್ಯಾಂಕು ಮುಂತಾದ ಶಬ್ದಗಳ ಅರ್ಥವನ್ನು ವಿದ್ಯಾರ್ಥಿನಿಯರು ತಡವರಿಸದೆ ಒಪ್ಪಿಸುತ್ತಾರೆ. ಪರೀಕ್ಷೆಯಲ್ಲಿ ಬರೆದು ಅಂಕಗಳನ್ನೂ ಗಳಿಸುತ್ತಾರೆ. ಆದರೆ ಅವೇ ಶಬ್ದಗಳು ಮರುದಿನ ವರ್ತಮಾನಪತ್ರದಲ್ಲಿ ದಪ್ಪಕ್ಷರಗಳಲ್ಲಿ ಕಾಣಿಸಿಕೊಂಡಾಗ, ಅವು ತಮ್ಮ ಮನೆಯ ಕಣದ ಮಾತೆಂದಾಗಲಿ ಒಲೆಯ ಮಾತೆಂದಾಗಲಿ ಅವರಿಗೆ ತೋರುವದಿಲ್ಲ. ಪುಸ್ತಕದ ಅರ್ಥಶಾಸ್ತ್ರವು ಒಂದು, ಪೇಟೆಯದು ಇನ್ನೊಂದು ಎಂಬ ಭಾವನೆಯು ಎಳೆಯ ಮನಸ್ಸಿನಲ್ಲಿ ಬೇರೂರಿಬಿಡುತ್ತದೆ. ಇದನ್ನು ಕುರಿತು ನಮಗೆ ತೋಚಿದ ನಾಲ್ಕು ಮಾತುಗಳನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದೆ ಇಡಬಯಸುತ್ತೇವೆ.

ಸುದ್ದಿಯನ್ನು ತರಗತಿಗೆ ತರುವ ರೂಢಿ ಶಾಲೆಗಳಲ್ಲಿ ಇಲ್ಲವೆಂದಲ್ಲ. ಪ್ರಾರ್ಥನೆಯ ಸಮಯದಲ್ಲಿ ಒಬ್ಬ ಹುಡುಗಿ ನಿಂತು ದಿನದ ಮುಖ್ಯ ವಾರ್ತೆಗಳನ್ನು ಓದುವದು ಎಲ್ಲೆಡೆಯೂ ಉಂಟು. ರಿಜರ್ವ್ ಬ್ಯಾಂಕು ಬಡ್ಡಿಯ ದರವನ್ನು ಇಷ್ಟಕ್ಕೆ ಇಳಿಸಿತು, ಹಣದುಬ್ಬರವು ಇಷ್ಟಾಯಿತು, ಎಂದು ಆಕೆ ಓದುತ್ತಾಳೆ. ಉಳಿದವರು ಕೈಕಟ್ಟಿ ನಿಂತು ಕೇಳುತ್ತಾರೆ. ಆ ಬಳಿಕ ರಾಷ್ಟ್ರಗೀತೆಯಾಗುತ್ತದೆ. ಇದು ಸಾಮಾನ್ಯಜ್ಞಾನದ ಸ್ಪರ್ಧೆಗೆ ಉಪಯೋಗವಾದೀತೇ ಹೊರತು ಅರ್ಥಶಾಸ್ತ್ರದ ಪಾಠವಾಗಲಾರದು. ನಮ್ಮ ಮತವೇನೆಂದರೆ, ಇಂಥ ಪ್ರತಿಯೊಂದು ಸುದ್ದಿಯನ್ನೂ ತರಗತಿಯೊಳಗೆ ನಿಲ್ಲಿಸಿಕೊಂಡು, ಇದು ಯಾರಿಗೆ ಲಾಭ, ಯಾರಿಗೆ ಹಾನಿ, ಎಷ್ಟು ರೂಪಾಯಿ, ಎಂದು ವಿಚಾರಿಸಿ ಕರಿಹಲಗೆಯ ಮೇಲೆ ಲೆಕ್ಕ ಮಾಡಿಸಬೇಕು. ಲೆಕ್ಕವು ನಮ್ಮ ಊರಿನದೇ ಆಗಿರಬೇಕು.

ಇದಕ್ಕೆ ೨೦೨೫ನೆಯ ಇಸವಿಯ ಸುಗ್ಗಿಗಿಂತ ಒಳ್ಳೆಯ ಉದಾಹರಣೆ ದೊರೆಯದು. ಆ ವರ್ಷದ ನವೆಂಬರಿನಲ್ಲಿ ಪತ್ರಿಕೆಗಳೆಲ್ಲವೂ ಒಂದು ಸಂತೋಷದ ವಾರ್ತೆಯನ್ನು ಪ್ರಕಟಿಸಿದವು. ಅಕ್ಟೋಬರ ತಿಂಗಳಲ್ಲಿ ದೇಶದ ಚಿಲ್ಲರೆ ಹಣದುಬ್ಬರವು ಶೇಕಡಾ ೦.೨೫ಕ್ಕೆ ಇಳಿದಿತ್ತು, ೨೦೧೨ನ್ನು ಆಧಾರವರ್ಷವಾಗಿಟ್ಟುಕೊಂಡ ಸೂಚ್ಯಂಕದಲ್ಲಿ ಅದು ಅಷ್ಟು ಕೆಳಗೆ ಹಿಂದೆಂದೂ ಇಳಿದಿರಲಿಲ್ಲ. ಆಹಾರಪದಾರ್ಥಗಳ ಬೆಲೆಯಂತೂ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇಕಡಾ ೫ರಷ್ಟು ತಗ್ಗಿತ್ತು. ಅದೇ ದಿನಗಳಲ್ಲಿ, ಅದೇ ಪತ್ರಿಕೆಗಳ ಜಿಲ್ಲೆಯ ಪುಟದಲ್ಲಿ, ಹಾವೇರಿ ಗದಗ ಜಿಲ್ಲೆಗಳ ರೈತರು ಗೋವಿನಜೋಳದ ಬೆಲೆಗಾಗಿ ಬೀದಿಗಿಳಿದ ಸುದ್ದಿಯೂ, ಲಕ್ಷ್ಮೇಶ್ವರದಲ್ಲಿ ಉಪವಾಸ ಕುಳಿತವರ ಚಿತ್ರಗಳೂ ಇದ್ದವು. ಮೊದಲ ಪುಟದಲ್ಲಿ ಸಂತೋಷ, ಒಳಪುಟದಲ್ಲಿ ಸಂಕಟ. ಇವೆರಡು ಬೇರೆ ಬೇರೆ ಸುದ್ದಿಗಳೆಂದೇ ಓದುವವರು ಬಗೆದರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ಎದ್ದು ನಿಂತು, "ಅಕ್ಕಾರ, ತುಟ್ಟಿ ಕಡಿಮಿ ಆದ್ರ ಛಲೋ ಅಂತ ಪುಸ್ತಕದಾಗ ಐತಿ. ಮತ್ತ ನಮ್ಮಪ್ಪ ಗೋವಿನಜೋಳ ಮಾರಲಾರದ ಯಾಕ ಕುಂತಾನ?" ಎಂದು ಕೇಳಿದಳು. ಪಾಠವು ಅಲ್ಲಿಂದಲೇ ಆರಂಭವಾಗತಕ್ಕದ್ದು.

ಆ ವರ್ಷ ಕೇಂದ್ರ ಸರಕಾರವು ಗೋವಿನಜೋಳಕ್ಕೆ ಗೊತ್ತುಪಡಿಸಿದ ಬೆಂಬಲ ಬೆಲೆಯು ಕ್ವಿಂಟಲ್ಲಿಗೆ ೨,೪೦೦ ರೂಪಾಯಿ. ಪೇಟೆಯಲ್ಲಿ ದೊರೆತದ್ದು ೧,೬೦೦ರಿಂದ ೧,೮೦೦ರ ಆಸುಪಾಸು. ಲೆಕ್ಕದ ಅನುಕೂಲಕ್ಕಾಗಿ ಎಕರೆಗೆ ೨೦ ಕ್ವಿಂಟಲ್ ಬೆಳೆ ಬಂದಿತೆಂದೂ, ಮಾರಿದ ಧಾರಣೆಯು ೧,೭೦೦ ಎಂದೂ ಇಟ್ಟುಕೊಳ್ಳೋಣ. ಬೆಂಬಲ ಬೆಲೆಯಲ್ಲಿ ೪೮,೦೦೦ ಬರಬೇಕಾದಲ್ಲಿ ೩೪,೦೦೦ ಬಂದಿತು. ಎಕರೆಯೊಂದಕ್ಕೆ ೧೪,೦೦೦ ರೂಪಾಯಿ ಕೈಬಿಟ್ಟಿತು. ಬೀಜ, ಗೊಬ್ಬರ, ಕೂಲಿ, ರಾಶಿಯ ಯಂತ್ರದ ಬಾಡಿಗೆ, ಇವು ಯಾವವೂ ಧಾರಣೆ ಬಿದ್ದಿತೆಂದು ತಾವೂ ಇಳಿಯುವದಿಲ್ಲವಾದ್ದರಿಂದ, ಕೈಬಿಟ್ಟ ಹಣವು ಖರ್ಚಿನ ಪಾಲಿನಿಂದ ಹೋಗದೆ ಮನೆಯ ಪಾಲಿನಿಂದಲೇ ಹೋಗುತ್ತದೆ. ಇನ್ನು ೨೦೨೩ರ ಆಗಸ್ಟಿನಿಂದ ರಾಜ್ಯ ಸರಕಾರವು ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯೊಡತಿಗೆ ತಿಂಗಳಿಗೆ ೨,೦೦೦ ರೂಪಾಯಿಗಳಂತೆ ಗೊತ್ತುಮಾಡಿದ ಹಣವನ್ನು ನಮ್ಮ ಹುಡುಗಿಯರೆಲ್ಲರೂ ಬಲ್ಲರು. ಬ್ಯಾಂಕಿನಿಂದ ಮೊಬೈಲಿಗೆ ಸಂದೇಶ ಬಂದಿತೇ ಎಂದು ತಾಯಿಗೆ ಓದಿ ಹೇಳುವವರು ಅವರೇ ಅಲ್ಲವೇ! ತಿಂಗಳು ತಪ್ಪದೆ ಬಂದರೂ ಅದು ವರ್ಷಕ್ಕೆ ೨೪,೦೦೦. ಎರಡೆಕರೆಯ ಗೋವಿನಜೋಳದಲ್ಲಿ ಕಳೆದುಹೋದದ್ದು ೨೮,೦೦೦. ಈ ವ್ಯವಕಲನವನ್ನು ಹಲಗೆಯ ಮೇಲೆ ಮಾಡಿಸಿದಾಗ ತರಗತಿಯು ಒಂದು ನಿಮಿಷ ಸದ್ದಿಲ್ಲದೆ ಇದ್ದಿತು. ಯಾವ ಪಾಠ್ಯಪುಸ್ತಕದ ಪಾಠಕ್ಕೂ ನಮ್ಮಲ್ಲಿ ಅಂಥ ಮೌನವು ದೊರೆತಿಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ ಅದು ಅಳುವಾದೀತು, ಪಾಠವಾಗದು. ಕಾರಣವನ್ನು ಹುಡುಕಿಸಬೇಕು. ಬೆಂಬಲ ಬೆಲೆಯನ್ನು ಹೇಳುವವರು ಯಾರು? ೧೯೬೫ರಲ್ಲಿ ಸ್ಥಾಪನೆಯಾದ ಬೆಲೆಗಳ ಆಯೋಗವು ಸಲಹೆ ಕೊಡುತ್ತದೆ, ಕೇಂದ್ರ ಸರಕಾರವು ಸಾರುತ್ತದೆ. ಸಾರಿದ ಬೆಲೆಗೆ ಕೊಳ್ಳುವವರು ಯಾರು? ಅಕ್ಕಿ ಗೋಧಿಗಳನ್ನು ನ್ಯಾಯಬೆಲೆ ಅಂಗಡಿಗಳ ಸಲುವಾಗಿ ಸರಕಾರವೇ ಕೊಂಡು ಕೋಠಿ ತುಂಬಿಕೊಳ್ಳುತ್ತದೆ. ಗೋವಿನಜೋಳಕ್ಕೆ ಅಂಥ ನೆಲೆಯಾದ ವ್ಯವಸ್ಥೆಯಿಲ್ಲ. ಅದನ್ನು ಕೊಳ್ಳುವವರು ಕೋಳಿಯ ಆಹಾರ ತಯಾರಿಸುವವರು, ಪಿಷ್ಟದ ಕಾರಖಾನೆಯವರು, ಈಚಿನ ವರ್ಷಗಳಲ್ಲಿ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ತಯಾರಿಸುವವರು. ಈ ಎಥೆನಾಲಿನ ಬೇಡಿಕೆಯಿಂದ ಧಾರಣೆಯು ಏರಿದ್ದನ್ನು ನೋಡಿಯೇ ರೈತರು ೨೦೨೫ರ ಮುಂಗಾರಿನಲ್ಲಿ ಹೆಚ್ಚು ಭೂಮಿಗೆ ಗೋವಿನಜೋಳವನ್ನು ಹಾಕಿದರು. ೨೦೨೪ರಲ್ಲಿ ಮ್ಯಾನ್ಮಾರ್, ಉಕ್ರೇನ್ ದೇಶಗಳಿಂದ ಅದನ್ನು ತರಿಸಿಕೊಳ್ಳುವಷ್ಟು ಅಭಾವವಿದ್ದಿತೆಂದರೆ ಈಗ ಅದನ್ನು ಯಾರು ನಂಬಿಯಾರು! ಎಲ್ಲರೂ ಬಿತ್ತಿದರು, ಎಲ್ಲರ ರಾಶಿಯೂ ಒಂದೇ ತಿಂಗಳಲ್ಲಿ ಪೇಟೆಗೆ ಬಂದಿತು, ಧಾರಣೆಯು ಕುಸಿಯಿತು. ಹೋದ ವರ್ಷದ ಧಾರಣೆಯನ್ನು ನೋಡಿ ಈ ವರ್ಷದ ಬಿತ್ತನೆಯಾಗುವದಕ್ಕೆ ಅರ್ಥಶಾಸ್ತ್ರಜ್ಞರು ಜೇಡರಬಲೆಯ ಸಿದ್ಧಾಂತವೆಂದು ಹೆಸರಿಟ್ಟಿದ್ದಾರೆ. ಹೆಸರು ಬಹು ಯುಕ್ತವಾದದ್ದು.

ಬ್ಯಾಡಗಿಯ ಮೆಣಸಿನಕಾಯಿಯ ಪೇಟೆಯಲ್ಲಿ ೨೦೨೪ರ ಮಾರ್ಚ್ ೧೧ರಂದು, ಧಾರಣೆಯು ಒಮ್ಮೆಲೆ ಕುಸಿಯಿತೆಂದು ಸಿಟ್ಟಿಗೆದ್ದ ಜನರು ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿಯಿಟ್ಟ ಸಂಗತಿಯನ್ನು ನಮ್ಮ ಕಡೆಯವರು ಮರೆತಿರಲಾರರು. ೨೦೧೧ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದು, ತನ್ನ ಬಣ್ಣದಿಂದ ದೇಶಾಂತರಗಳಲ್ಲಿಯೂ ಹೆಸರಾದ ಬೆಳೆಗೆ ಆದ ಗತಿಯಿದು. ಹೆಸರು ಬೇರೆ, ಧಾರಣೆ ಬೇರೆ ಎಂಬುದನ್ನು ಹುಡುಗಿಯರು ಆಗ ತಾವಾಗಿಯೇ ಕಂಡುಕೊಂಡರು.

ಇನ್ನು ಮೊದಲ ಪುಟದ ಸಂತೋಷವನ್ನು ಪರೀಕ್ಷಿಸೋಣ. ಹಣದುಬ್ಬರ ಶೇಕಡಾ ೦.೨೫ ಎಂದರೆ ಸಾಮಾನುಗಳು ಸೋವಿಯಾದವೆಂದು ನಮ್ಮ ಶಿಕ್ಷಕಿಯರಲ್ಲಿಯೇ ಕೆಲವರು ತಿಳಿದಿದ್ದರು. ಅದು ಹಾಗಲ್ಲ. ೨೦೨೪ರ ಅಕ್ಟೋಬರಿನಲ್ಲಿ ಹಣದುಬ್ಬರವು ಶೇಕಡಾ ೬.೨೧ ಇದ್ದಿತು. ೨೦೨೩ರ ಅಕ್ಟೋಬರಿನಲ್ಲಿ ನೂರು ರೂಪಾಯಿಗೆ ಬರುತ್ತಿದ್ದ ಸಂತೆಯ ಚೀಲವು ೨೦೨೪ರ ಅಕ್ಟೋಬರಿಗೆ ೧೦೬ ರೂಪಾಯಿ ೨೧ ಪೈಸೆಯಾಯಿತು; ೨೦೨೫ರ ಅಕ್ಟೋಬರಿಗೆ ಸುಮಾರು ೧೦೬ ರೂಪಾಯಿ ೪೮ ಪೈಸೆಯಾಯಿತು. ಏರಿದ ಮೆಟ್ಟಿಲಿನಿಂದ ಒಟ್ಟಿನಲ್ಲಿ ಯಾರೂ ಕೆಳಗಿಳಿಯಲಿಲ್ಲ, ಮತ್ತೊಂದು ಮೆಟ್ಟಿಲನ್ನು ಹತ್ತಲಿಲ್ಲ ಅಷ್ಟೇ. ಕಾಯಿಪಲ್ಯ ಬೇಳೆಗಳು ಇಳಿದದ್ದು ನಿಜ. ಆದರೆ ಇಳಿತವನ್ನು ಅಳೆದದ್ದು ಅತಿ ತುಟ್ಟಿಯಾಗಿದ್ದ ಒಂದು ತಿಂಗಳಿನೊಡನೆ ಹೋಲಿಸಿ. ಇದಲ್ಲದೆ ಆ ಸೂಚ್ಯಂಕದ ನೂರು ಪಾಲುಗಳಲ್ಲಿ ೪೫.೮೬ ಪಾಲು ಆಹಾರ ಪಾನೀಯಗಳದಾಗಿತ್ತು. ಹೀಗಿರಲು, ಹಣದುಬ್ಬರವು ಇಳಿಯಿತೆಂಬ ಆ ಸುದ್ದಿಯನ್ನು ಓದುವಾಗ, ಆ ಸೂಚ್ಯಂಕದ ಹೆಚ್ಚುಕಡಿಮೆ ಅರ್ಧಭಾಗವು ಯಾವನೋ ಒಬ್ಬ ರೈತನು ತನ್ನ ಮಾಲಿಗೆ ಪಡೆದ ಬೆಲೆಗೆ ಅಂಟಿಕೊಂಡದ್ದೆಂದು ತಿಳಿದಿರಬೇಕಾಗಿತ್ತು. ಪಟ್ಟಣದ ಶಾಲೆಯಲ್ಲಿ ಇದನ್ನು ಮರೆತು ಪಾಠ ಹೇಳಬಹುದೋ ಏನೋ. ತಿಳವಳ್ಳಿಯ ಸುತ್ತಿನ ಹಳ್ಳಿಗಳಿಂದ ಬರುವ ಹುಡುಗಿಯರ ಮುಂದೆ ಮರೆಯುವದು ಸಾಧ್ಯವಿಲ್ಲ. ಇಲ್ಲಿ ಪ್ರತಿಯೊಬ್ಬಳೂ ಬೆಳಿಗ್ಗೆ ಕೊಳ್ಳುವವಳು, ಸಾಯಂಕಾಲ ಮಾರುವವನ ಮಗಳು.

ಆದರೂ ಸೋವಿಯಾದದ್ದರಿಂದ ಒಳಿತಾದವರೂ ಉಂಟು; ಅವರನ್ನು ಮರೆಸಿ ಪಾಠ ಹೇಳುವದು ಅನ್ಯಾಯ. ಕೂಲಿಯಿಂದ ಬದುಕುವ ತಾಯಂದಿರ ಮಕ್ಕಳು ನಮ್ಮಲ್ಲಿ ಕಡಿಮೆಯಿಲ್ಲ. ಅವರ ಮನೆಯಲ್ಲಿ ಮಾರುವ ಬೆಳೆಯಿಲ್ಲ, ಕೊಳ್ಳುವ ಹೊಟ್ಟೆಯಿದೆ. ೨೦೨೩ರ ಜುಲೈಯಲ್ಲಿ ಟೊಮ್ಯಾಟೊ ಹಣ್ಣು ಕಿಲೋಗೆ ನೂರು ರೂಪಾಯಿ ದಾಟಿ, ಹಣದುಬ್ಬರವು ಶೇಕಡಾ ೭.೪೪ಕ್ಕೆ ಏರಿದಾಗ ಆ ಮನೆಗಳ ಸಾರು ಹೇಗಿದ್ದಿತೆಂದು ಅವರೇ ಹೇಳಬಲ್ಲರು. ಬಿಸಿಯೂಟದಲ್ಲಿ ಬರುವ ತತ್ತಿಯ ಹಿಂದೆಯೂ ಕೋಳಿಗೆ ಹಾಕಿದ ಗೋವಿನಜೋಳವಿದೆ. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ ಒಬ್ಬಳ ಮನೆಗೆ ಲಾಭವಾದದ್ದು ಇನ್ನೊಬ್ಬಳ ಮನೆಗೆ ಹಾನಿಯಾಗಬಹುದೆಂಬುದನ್ನು ಅವರು ಪರಸ್ಪರ ಮುಖ ನೋಡಿಕೊಂಡು ಕಲಿಯಬೇಕು. ೨೦೨೫ರ ಸೆಪ್ಟೆಂಬರ್ ೨೨ರಿಂದ ನೋಟುಬುಕ್ಕು, ಪೆನ್ಸಿಲು, ರಬ್ಬರುಗಳ ಮೇಲಿನ ಸರಕು ಸೇವಾ ತೆರಿಗೆಯನ್ನು ತೆಗೆದುಹಾಕಿದ್ದಂತೂ ಬೆಂಚಿನವರೆಲ್ಲರಿಗೂ ಸಮಾನವಾದ ಲಾಭ. ಅಂಗಡಿಯವರು ಅದನ್ನು ಪೂರ್ತಿಯಾಗಿ ಇಳಿಸಿಕೊಟ್ಟರೇ ಎಂದು ಹಳೆಯ ಹೊಸ ಬೆಲೆಗಳನ್ನು ತಾಳೆ ನೋಡುವ ಕೆಲಸವನ್ನು ಎಂಟನೆಯ ತರಗತಿಯವರಿಗೆ ಒಪ್ಪಿಸಿದೆವು. ಅವರ ಉತ್ಸಾಹಕ್ಕೆ ಊರಿನ ಒಬ್ಬಿಬ್ಬರು ಅಂಗಡಿಕಾರರು ಬೇಸತ್ತದ್ದೂ ಉಂಟು.

ದೂರದ ದೇಶದ ಸುದ್ದಿ ನಮಗೇಕೆಂಬ ಆಕ್ಷೇಪವನ್ನು ಕೆಲವು ಹಿರಿಯರು ಮಾಡುತ್ತಾರೆ. ಅವರಿಗೆ ಹತ್ತಿಯ ಕಥೆಯನ್ನು ಹೇಳುವದು ನಮ್ಮ ವಾಡಿಕೆ. ಇದನ್ನು ಇತಿಹಾಸದ ಶಿಕ್ಷಕಿಯೂ ಅರ್ಥಶಾಸ್ತ್ರದ ಶಿಕ್ಷಕಿಯೂ ಕೂಡಿ ಕಲಿಸತಕ್ಕದ್ದೆಂದು ನಮ್ಮ ಅಭಿಪ್ರಾಯ.

ಹಾವೇರಿಯು ೧೯೯೭ರಲ್ಲಿ ಬೇರೆ ಜಿಲ್ಲೆಯಾಗುವವರೆಗೆ ನಮ್ಮ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳೆಲ್ಲವೂ ಧಾರವಾಡ ಜಿಲ್ಲೆಯವೇ ಆಗಿದ್ದವಷ್ಟೇ. ಆ ಧಾರವಾಡ ಸೀಮೆಯ ಜವಾರಿ ಹತ್ತಿಯು ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರನ್ನು ಸೇರಿ, ಅಲ್ಲಿಂದ ಹಡಗು ಹತ್ತುತ್ತಿತ್ತು. ಬಂದರಿನ ಹೆಸರಿನಿಂದಲೇ ಅದಕ್ಕೆ ಪರದೇಶದ ವ್ಯಾಪಾರದಲ್ಲಿ ಕುಮಟೆಯ ಹತ್ತಿಯೆಂದು ಹೆಸರಾಯಿತು. ೧೮೪೦ರ ದಶಕದಲ್ಲಿ ಕಂಪನಿ ಸರಕಾರವು ಅಮೇರಿಕದ ಬೆಳೆಗಾರರನ್ನು ಕರೆಯಿಸಿ, ಹುಬ್ಬಳ್ಳಿಯ ಬಳಿಯ ಕುಸುಗಲ್ಲಿನಲ್ಲಿ ಅಮೇರಿಕದ ಬೀಜವನ್ನು ಬೆಳೆಯಿಸಿ ನೋಡಿತು. ಬೇರೆ ಅನೇಕ ಪ್ರಾಂತಗಳಲ್ಲಿ ಸೋತ ಆ ಬೀಜವು ನಮ್ಮ ಕರಿಮಣ್ಣಿಗೆ ಒಗ್ಗಿತು. ಅದಕ್ಕೆ ಧಾರವಾಡ ಅಮೇರಿಕನ್ ಎಂಬ ಹೆಸರು ಬಂದಿತು. ಮುಂದೆ ೧೮೬೧ರಲ್ಲಿ ಅಮೇರಿಕದಲ್ಲಿ ಉತ್ತರ ದಕ್ಷಿಣದವರಿಗೆ ಯುದ್ಧ ಹುಟ್ಟಿ, ದಕ್ಷಿಣದ ಬಂದರುಗಳಿಗೆ ಮುತ್ತಿಗೆ ಬಿದ್ದು, ಇಂಗ್ಲೆಂಡದ ಗಿರಣಿಗಳಿಗೆ ಅರಳೆಯೇ ಇಲ್ಲದಂತಾಯಿತು. ಆಗ ಮುಂಬಯಿಯ ಧಾರಣೆಯು ಕಂಡುಕೇಳದಷ್ಟು ಏರಿತು. ಧಾರವಾಡ ಸೀಮೆಯ ಒಕ್ಕಲಿಗನು ಅಮೇರಿಕವೆಂಬ ದೇಶವನ್ನು ಕಾಣದೆ, ಅಲ್ಲಿ ಯುದ್ಧವೇಕಾಯಿತೆಂದು ತಿಳಿಯದೆ, ಕೈತುಂಬ ಹಣ ಕಂಡನು. ೧೮೬೫ರಲ್ಲಿ ಯುದ್ಧ ಮುಗಿಯಿತು. ಧಾರಣೆಯು ಬಿದ್ದಿತು; ಮುಂಬಯಿಯಲ್ಲಿ ಶೇರುಗಳ ಹುಚ್ಚಾಟದಲ್ಲಿ ತೊಡಗಿದ್ದ ದೊಡ್ಡ ದೊಡ್ಡ ಮನೆತನಗಳೂ ಬ್ಯಾಂಕುಗಳೂ ದಿವಾಳಿಯೆದ್ದವು. ಏರಿದ ಧಾರಣೆಯು ಹೀಗೆಯೇ ನಿಲ್ಲುವದೆಂದು ನಂಬಿ ಹಳ್ಳಿಗಳಲ್ಲಿ ಸಾಲ ಮಾಡಿದವರ ಪಾಡನ್ನು ಬೇರೆ ಹೇಳಬೇಕಾಗಿಲ್ಲ.

ನೂರಾ ಅರವತ್ತು ವರ್ಷಗಳ ತರುವಾಯ ಆ ದೇಶದ ಸುದ್ದಿಯೇ ತಿರುಗಿ ನಮ್ಮ ಹತ್ತಿಯ ಹೊಲಕ್ಕೆ ಬಂದಿತು. ೨೦೨೫ರ ಆಗಸ್ಟ್ ೨೭ರಿಂದ ಅಮೇರಿಕ ಸರಕಾರವು ಭಾರತದ ಅನೇಕ ಸರಕುಗಳ ಮೇಲೆ ಶೇಕಡಾ ೫೦ರ ಸುಂಕವನ್ನು ಹಾಕಿತು. ತಿರುಪ್ಪೂರು ಮೊದಲಾದ ಕಡೆಗಳ ಸಿದ್ಧ ಉಡುಪಿನ ಕಾರಖಾನೆಗಳು ಕಂಗೆಟ್ಟವು. ಜವಳಿಯವರಿಗೆ ಅರಳೆಯು ಸೋವಿಯಾಗಿ ದೊರೆಯಲೆಂದು ನಮ್ಮ ಸರಕಾರವು ಪರದೇಶದ ಹತ್ತಿಯ ಮೇಲಿದ್ದ ಶೇಕಡಾ ೧೧ರ ಆಮದು ಸುಂಕವನ್ನು ಆಗಸ್ಟ್ ೧೯ರಿಂದ ಡಿಸೆಂಬರ್ ೩೧ರವರೆಗೆ ಬಿಟ್ಟುಕೊಟ್ಟಿತು. ನಮ್ಮ ಸೀಮೆಯಲ್ಲಿ ಹತ್ತಿ ಬಿಡಿಸುವ ತಿಂಗಳುಗಳು ಅವೇ ಎಂಬುದನ್ನು ಗಮನಿಸಬೇಕು. ೧೮೬೧ರಲ್ಲಿ ಅಮೇರಿಕದ ಹತ್ತಿಯು ಬಾರದೆಹೋದದ್ದರಿಂದ ನಮ್ಮವರಿಗೆ ಲಾಭವಾಯಿತು. ೨೦೨೫ರಲ್ಲಿ ಪರದೇಶದ ಹತ್ತಿಯು ಸುಂಕವಿಲ್ಲದೆ ಬರುವದೆಂದು ನಮ್ಮವರು ಚಿಂತೆಪಟ್ಟರು. ಹಾಗೆಂದು ಸರಕಾರವು ಮಾಡಿದ್ದು ಕೇವಲ ಅನ್ಯಾಯವೆನ್ನಬಹುದೇ? ತಿರುಪ್ಪೂರಿನ ಹೊಲಿಗೆಯ ಯಂತ್ರದ ಮುಂದೆ ಕುಳಿತವರಲ್ಲಿ ನಮ್ಮ ಹುಡುಗಿಯರಂಥ ಹುಡುಗಿಯರೇ ಬಹಳ. ಅವರ ಕೂಲಿ ತಪ್ಪಿದರೆ ಅದೂ ಒಂದು ಮನೆಯೇ. ಈ ಪ್ರಶ್ನೆಯ ಮೇಲೆ ಹತ್ತನೆಯ ತರಗತಿಯಲ್ಲಿ ಎರಡು ಪಕ್ಷ ಮಾಡಿ ವಾದ ಮಾಡಿಸಿದೆವು. ಹತ್ತಿ ಬೆಳೆಯುವ ಮನೆಯವರನ್ನು ಬೇಕೆಂದೇ ಕಾರಖಾನೆಯ ಪಕ್ಷಕ್ಕೆ ಹಾಕಿದೆವು. ಅವರಲ್ಲೊಬ್ಬಳು ಎಷ್ಟು ಚೆನ್ನಾಗಿ ವಾದಿಸಿದಳೆಂದರೆ, ಮನೆಗೆ ಹೋಗಿ ತಂದೆಗೆ ಅದನ್ನು ಹೇಳಿ ಬೈಸಿಕೊಂಡಳಂತೆ.

ಈಗ ಬಡ್ಡಿಯ ಮಾತು. ನಮ್ಮ ದೃಷ್ಟಿಯಲ್ಲಿ ಹೆಣ್ಣುಮಕ್ಕಳಿಗೆ ಎಲ್ಲಕ್ಕಿಂತ ಮೊದಲು ಕಲಿಸತಕ್ಕದ್ದು ಇದೇ. ೨೦೨೫ನೆಯ ವರ್ಷದಲ್ಲಿ ರಿಜರ್ವ್ ಬ್ಯಾಂಕು ತನ್ನ ರೆಪೋ ದರವನ್ನು ನಾಲ್ಕು ಸಲ ಇಳಿಸಿತು. ಫೆಬ್ರುವರಿಯಲ್ಲಿ ಶೇಕಡಾ ೬.೫೦ ಇದ್ದದ್ದು ಡಿಸೆಂಬರ್ ೫ರಂದು ೫.೨೫ಕ್ಕೆ ಬಂದಿತು. ಇತರ ಬ್ಯಾಂಕುಗಳಿಗೆ ರಿಜರ್ವ್ ಬ್ಯಾಂಕು ಅಲ್ಪಕಾಲದ ಸಾಲವನ್ನು ಕೊಡುವ ದರವಿದು. ಇದು ಇಳಿದರೆ ಸಾಲಗಳ ಬಡ್ಡಿಯು ಇಳಿಯುವದೆಂದು ಪುಸ್ತಕದಲ್ಲಿದೆ. ಮನೆ ಕಟ್ಟಲು ಸಾಲ ತೆಗೆದ ನೌಕರರಿಗೆ ಅದು ನಿಜ. ಠೇವಣಿಯ ಬಡ್ಡಿಯಿಂದ ಬದುಕುವ ಮುದುಕಿಗೂ ಅದು ನಿಜವೇ, ಆದರೆ ತಲೆಕೆಳಗಾಗಿ. ಸಹಕಾರಿ ಸಂಘದಲ್ಲಿ ರಾಜ್ಯ ಸರಕಾರದ ಯೋಜನೆಯಂತೆ ಬಡ್ಡಿಯಿಲ್ಲದ ಬೆಳೆಸಾಲವನ್ನು ಪಡೆದ ರೈತನಿಗೆ ಅದರಿಂದ ಹೆಚ್ಚಿನ ವ್ಯತ್ಯಾಸವಿಲ್ಲ. ಹಾಗಾದರೆ ವಾರವಾರ ಕಂತು ಕಟ್ಟುವ ಗುಂಪುಗಳಲ್ಲಿ ಸಾಲವೆತ್ತಿದ ತಾಯಂದಿರಿಗೆ? ಕಿರುಸಾಲದ ಸಂಸ್ಥೆಗಳ ಬಡ್ಡಿಗೆ ಹಾಕಿದ್ದ ಮಿತಿಯನ್ನು ರಿಜರ್ವ್ ಬ್ಯಾಂಕು ೨೦೨೨ರಲ್ಲಿಯೇ ತೆಗೆದುಹಾಕಿತು; ಶೇಕಡಾ ೨೦ಕ್ಕೂ ಮೇಲ್ಪಟ್ಟ ಬಡ್ಡಿಯು ಅಲ್ಲಿ ಸಾಮಾನ್ಯ. ೨೦೨೫ರ ಜನವರಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹೆಂಗಸರು, ವಸೂಲಿಯವರ ಕಾಟವನ್ನು ತಾಳಲಾರದೆ, ಮಾಂಗಲ್ಯಗಳನ್ನು ಅಂಚೆಯ ಮೂಲಕ ಮುಖ್ಯಮಂತ್ರಿಗಳಿಗೆ ಕಳಿಸುವ ಚಳವಳಿಯನ್ನು ಹೂಡಿದರು. ಫೆಬ್ರುವರಿಯಲ್ಲಿ ಬಲಾತ್ಕಾರದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯು ಹೊರಟಿತು. ಆಜ್ಞೆಯು ಕಾಟವನ್ನು ತಡೆದೀತು. ಲೆಕ್ಕವನ್ನು ತಿಳಿಯುವ ಕೆಲಸವು ಸಾಲ ಪಡೆಯುವವರದೇ.

ಆ ಲೆಕ್ಕ ಹೀಗಿದೆ. ಒಬ್ಬ ತಾಯಿಯು ೧೨,೦೦೦ ರೂಪಾಯಿ ಸಾಲ ತೆಗೆದಳು. ವರ್ಷಕ್ಕೆ ನೂರಕ್ಕೆ ಹನ್ನೆರಡು ಬಡ್ಡಿ ಎಂದು ಹೇಳಿದರು. ಬಡ್ಡಿಯು ೧,೪೪೦, ಒಟ್ಟು ೧೩,೪೪೦, ತಿಂಗಳಿಗೆ ೧,೧೨೦ರಂತೆ ಹನ್ನೆರಡು ಕಂತು. ಕೇಳಲು ಸರಿಯಾಗಿಯೇ ಇದೆ. ಆದರೆ ಹನ್ನೆರಡು ಸಾವಿರವು ವರ್ಷವಿಡೀ ಆಕೆಯ ಕೈಯಲ್ಲಿರುವದೇ? ಮೊದಲ ತಿಂಗಳು ೧೨,೦೦೦ ಇದ್ದ ಅಸಲು ಎರಡನೆಯ ತಿಂಗಳು ೧೧,೦೦೦, ಮೂರನೆಯ ತಿಂಗಳು ೧೦,೦೦೦, ಹೀಗೆ ಕಡೆಯ ತಿಂಗಳಿಗೆ ೧,೦೦೦ ಉಳಿಯುತ್ತದೆ. ಸರಾಸರಿ ತೆಗೆದರೆ ಆಕೆಯ ಕೈಯಲ್ಲಿ ಇದ್ದದ್ದು ೬,೫೦೦ ಮಾತ್ರ. ಆರೂವರೆ ಸಾವಿರಕ್ಕೆ ೧,೪೪೦ ಬಡ್ಡಿಯೆಂದರೆ ಅದು ಶೇಕಡಾ ಹನ್ನೆರಡಲ್ಲ, ಇಪ್ಪತ್ತೆರಡರ ಸಮೀಪ. ಹನ್ನೆರಡು ಎಂಬ ಮಾತಿನ ಕೆಳಗೆ ಹತ್ತು ಅಡಗಿ ಕುಳಿತಿದ್ದಿತು. ಎಂಟನೆಯ ತರಗತಿಯ ಗಣಿತವು ಇದಕ್ಕೆ ಸಾಕು. ಒಬ್ಬ ವಿದ್ಯಾರ್ಥಿನಿಯು ಈ ಲೆಕ್ಕವನ್ನು ಮನೆಗೆ ಒಯ್ದು, ತನ್ನ ತಾಯಿಯ ಗುಂಪಿನ ಹೆಂಗಸರಿಗೆ ಕಟ್ಟೆಯ ಮೇಲೆ ಕುಳಿತು ಬಿಡಿಸಿ ತೋರಿಸಿದಳೆಂದು ಕೇಳಿ ನಮಗೆ ಆದ ಆನಂದವು ಶೇಕಡಾ ನೂರು ಫಲಿತಾಂಶದಿಂದಲೂ ಆಗಿಲ್ಲ. ಬಡ್ಡಿಯ ಹೊರೆಯಿಂದ ಬಿಡಿಸಿಕೊಳ್ಳುವ ದಾರಿಯನ್ನು ನಮ್ಮ ಸೀಮೆಯವರೇ ಹಿಂದೆ ಹುಡುಕಿದ್ದುಂಟು. ೧೯೦೫ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಹಕಾರಿ ಸಂಘವು ಹುಟ್ಟಿದ್ದನ್ನು ಪುಸ್ತಕದ ಒಂದು ಸಾಲಿನಲ್ಲಿ ಮುಗಿಸಬಾರದು; ಅದು ಯಾವ ಬಡ್ಡಿಗೆ ಹೆದರಿ ಹುಟ್ಟಿತೆಂಬುದನ್ನು ಹೇಳಬೇಕು.

ಇಂಥ ಪಾಠಗಳಿಗೆ ವಿರೋಧವಿಲ್ಲವೆಂದು ತಿಳಿಯಬಾರದು. ಪರೀಕ್ಷೆಯಲ್ಲಿ ಇದನ್ನು ಕೇಳುವದಿಲ್ಲವೆಂದು ಕೆಲವು ಶಿಕ್ಷಕಿಯರು ಹೇಳುತ್ತಾರೆ. ಕೇಳುವದಿಲ್ಲ, ನಿಜ. ಆದರೆ ಪೂರೈಕೆ ಬೇಡಿಕೆಗಳ ಪ್ರಶ್ನೆಗೆ ಗೋವಿನಜೋಳದ ಉದಾಹರಣೆ ಬರೆದ ಹುಡುಗಿಗೆ ಅಂಕ ತಪ್ಪಿದ್ದನ್ನು ನಾವು ಕಂಡಿಲ್ಲ. ಇದು ರಾಜಕಾರಣವಾಗುವದೆಂದು ಬೇರೆ ಕೆಲವರು ಅಂಜುತ್ತಾರೆ. ಈ ಅಂಜಿಕೆಯಲ್ಲಿ ಅರ್ಥವಿದೆ. ೨೦೨೫ರಲ್ಲಿ ಕೇಂದ್ರದವರು ರಾಜ್ಯದವರನ್ನೂ, ರಾಜ್ಯದವರು ಕೇಂದ್ರದವರನ್ನೂ ಹೊಣೆ ಮಾಡಿದರು. ಮನೆಮನೆಗಳಲ್ಲಿಯೂ ಅದೇ ಮಾತಾಯಿತು. ಆದಕಾರಣ ನಮ್ಮಲ್ಲಿ ಒಂದು ಕಟ್ಟುಪಾಡನ್ನು ಮಾಡಿಕೊಂಡಿದ್ದೇವೆ. ಯಾವ ಕೆಲಸವು ಕಾನೂನಿನಂತೆ ಯಾರದೆಂಬುದನ್ನು ಶಿಕ್ಷಕಿಯು ಹೇಳಬೇಕು. ಯಾವ ಪಕ್ಷವು ಒಳ್ಳೆಯದೆಂಬುದನ್ನು ಹೇಳಕೂಡದು. ಬೆಂಬಲ ಬೆಲೆಯನ್ನು ಸಾರುವದು ಕೇಂದ್ರದ ಕೆಲಸ, ಮಾರುಕಟ್ಟೆ ಸಮಿತಿಗಳು ರಾಜ್ಯದ ೧೯೬೬ರ ಕಾಯಿದೆಗೆ ಒಳಪಟ್ಟವು, ಇಷ್ಟನ್ನು ಹೇಳಿದರೆ ಉಳಿದದ್ದನ್ನು ಅವರೇ ವಿಚಾರಿಸಿಕೊಳ್ಳುವರು. ನಮ್ಮ ಸ್ವಂತ ಅಭಿಪ್ರಾಯವನ್ನು ಮಾತ್ರ ಇಲ್ಲಿ ಮುಚ್ಚಿಡುವದಿಲ್ಲ: ಕೊಳ್ಳುವ ಏರ್ಪಾಡಿಲ್ಲದೆ ಬೆಂಬಲ ಬೆಲೆಯನ್ನು ಸಾರುವದು, ಯಾವ ಸರಕಾರವೇ ಮಾಡಲಿ, ರೈತನ ಬಿತ್ತನೆಯನ್ನು ದಾರಿತಪ್ಪಿಸುವ ಕೆಲಸ.

ಮೂರನೆಯ ಆಕ್ಷೇಪವು ಪಾಲಕರದು. ಹೆಣ್ಣುಮಕ್ಕಳ ಮುಂದೆ ಸಾಲಸೋಲದ ಮಾತೇಕೆ, ಮನಸ್ಸಿಗೆ ಕಹಿಯಾಗುವದಿಲ್ಲವೇ, ಎಂದು ಒಬ್ಬ ತಂದೆಯು ಕಚೇರಿಗೆ ಬಂದು ಬಹು ಮರ್ಯಾದೆಯಿಂದ ಕೇಳಿದರು. ಅವರಿಗೆ ನಾವು ಹೇಳಿದ್ದು ಇದು. ಧಾರಣೆ ಬಿದ್ದ ವರ್ಷ ಕಾಲೇಜಿಗೆ ಹೋಗುವದು ನಿಲ್ಲುವದು ಮೊದಲು ಮಗಳದು, ಆಮೇಲೆ ಮಗನದು. ಹತ್ತನೆಯ ತರಗತಿ ಮುಗಿಸಿ ವರ್ಗಾವಣೆ ಪತ್ರವನ್ನು ಒಯ್ಯಲು ಬಂದ ಹುಡುಗಿಯರಲ್ಲಿ, ಮುಂದೆ ಓದುವ ಬಯಕೆಯಿದ್ದೂ ಹಣೆಬರಹವೆಂದು ಹೇಳಿ ಹೋದವರನ್ನು ನಾವು ಎಷ್ಟೋ ವರ್ಷಗಳಿಂದ ನೋಡುತ್ತ ಬಂದಿದ್ದೇವೆ. ಸಾಲದ ಮಾತನ್ನು ಆಕೆಯಿಂದ ಮುಚ್ಚಿಡಲಾಗುವದಿಲ್ಲ, ಅದರ ಫಲವನ್ನು ಉಣ್ಣುವವಳೇ ಆಕೆ. ಹಾಗಿದ್ದ ಮೇಲೆ ಕ್ವಿಂಟಲ್ಲಿಗೆ ಏಳುನೂರು ರೂಪಾಯಿ ಹೇಗೆ ಹೋಯಿತೆಂಬುದನ್ನಾದರೂ ಆಕೆಯು ತಿಳಿದಿರಲಿ. ಆ ತಂದೆಯು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ತಮ್ಮ ಅಂಗಿಯ ಕಿಸೆಯಿಂದ ಅಡತಿ ಅಂಗಡಿಯ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟು, "ಇದನ್ನ ಹುಡುಗ್ಯಾರಿಗೆ ತೋರಸ್ರಿ ಅಕ್ಕಾರ" ಎಂದು ಹೇಳಿ ಎದ್ದರು. ಆ ಪಟ್ಟಿಯಲ್ಲಿ ತೂಕ, ಧಾರಣೆ, ಹಮಾಲಿ, ಕಳೆದ ಕೈಗಡ, ಉಳಿದ ಹಣ ಎಲ್ಲವೂ ಒಂದು ಅಂಗೈಯಗಲದ ಕಾಗದದಲ್ಲಿದ್ದವು. ಹೆಸರಿನ ಭಾಗವನ್ನು ಮಡಿಸಿ ಅದನ್ನೇ ಮೂರು ದಿವಸ ಪಾಠ ಮಾಡಿದೆವು.

ಅಂದಿನಿಂದ ಇಂಥ ಪಟ್ಟಿಗಳನ್ನು ಕೂಡಿಹಾಕುತ್ತಿದ್ದೇವೆ. ಈ ಸಂಚಿಕೆಯನ್ನು ಓದುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಬ್ಯಾಂಕುಗಳಲ್ಲಿಯೂ ಸಹಕಾರಿ ಸಂಘಗಳಲ್ಲಿಯೂ ಕೆಲಸ ಮಾಡುವವರಿದ್ದೀರಿ. ಹಾನಗಲ್ಲ, ಹಿರೇಕೆರೂರು, ಬ್ಯಾಡಗಿಗಳ ಪೇಟೆಗಳಿಗೆ ಮಾಲು ಕಳಿಸುವ ಮನೆಗಳಿಗೆ ಸೊಸೆಯಂದಿರಾಗಿ ಹೋದವರಿದ್ದೀರಿ. ಗೋವಿನಜೋಳ, ಹತ್ತಿ, ಭತ್ತ, ಅಡಿಕೆ, ಮಾವು, ಮೆಣಸಿನಕಾಯಿ, ಯಾವುದರದಾದರೂ ಸರಿ, ಹಳೆಯ ವರ್ಷಗಳ ಪಟ್ಟಿಗಳೂ ಸಾಲದ ಕಂತಿನ ಚೀಟಿಗಳೂ ಮನೆಯಲ್ಲಿ ಬಿದ್ದಿದ್ದರೆ, ಹೆಸರನ್ನು ಕತ್ತರಿಸಿ, ಇಸವಿ ತಿಂಗಳನ್ನು ಮಾತ್ರ ಉಳಿಸಿ, ಶಾಲೆಗೆ ಕಳಿಸಿಕೊಡಬೇಕಾಗಿ ವಿನಂತಿಸುತ್ತೇವೆ. ೨೦೧೬ರ ನವೆಂಬರಿನವು, ಎಂದರೆ ಐದುನೂರು ಸಾವಿರದ ನೋಟುಗಳು ರದ್ದಾದ ವಾರಗಳವು, ಯಾರಲ್ಲಾದರೂ ಇದ್ದರೆ ವಿಶೇಷವಾಗಿ ಬೇಕಾಗಿವೆ. ಒಂಬತ್ತನೆಯ ತರಗತಿಯವರು ಅವುಗಳನ್ನು ವರ್ಷವಾರು ಜೋಡಿಸಲು ಒಂದು ದೊಡ್ಡ ಹಲಗೆಯನ್ನು ಸಿದ್ಧಮಾಡಿ ಕಾಯುತ್ತಿದ್ದಾರೆ.